ಗೇಟಿನ ಆಚೆಯ ಡ್ಯೂಟಿ

ಅವರ ಕೈಗಡಿಯಾರದ ಮುಖ ಯಾವಾಗಲೂ ಮಣಿಕಟ್ಟಿನ ಒಳಮಗ್ಗುಲಿಗೆ ಇರುತ್ತಿತ್ತು. ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರ, ಕಪ್ಪು ಚರ್ಮದ ಪಟ್ಟಿ, ಬಿಳಿ ಉಡುಪಿನ ತೋಳಿನ ಅಂಚಿನಲ್ಲಿ ಅರ್ಧ ಮುಚ್ಚಿಕೊಂಡಿರುತ್ತಿತ್ತು. ಸಮಯ ನೋಡಬೇಕಾದರೆ ಅವರು ಅಂಗೈಯನ್ನು ಮೇಲಕ್ಕೆ ತಿರುಗಿಸಬೇಕಾಗುತ್ತಿತ್ತು. ದೂರದಿಂದ ನೋಡಿದವರಿಗೆ ಯಾರಿಗೋ ಏನನ್ನೋ ಕೊಡುತ್ತಿದ್ದಾರೆ ಅನ್ನಿಸಬೇಕು. ಹೀಗೇಕೆ ಕಟ್ಟುತ್ತೀರಿ ಎಂದು ಒಮ್ಮೆ ಕೇಳಿದ್ದೆ.

"ಎದುರಿಗೆ ಕೂತವರು ಏನೋ ಕಷ್ಟ ಹೇಳ್ತಾ ಇರ್ತಾರೆ ಟೀಚರ್. ನಾನು ಟೈಮ್ ನೋಡಿದ್ದು ಅವರಿಗೆ ಕಾಣಬಾರದು. ಹಾಗಂತ ನೋಡದೆ ಇರ್ಲಿಕ್ಕೂ ಆಗುವುದಿಲ್ಲ. ಐದು ನಿಮಿಷಕ್ಕೆ ಬೆಲ್ ಉಂಟಲ್ಲ!"

ಮುಂಬಯಿ ಲೋಕಲಿನ ಹಾದಿಯಲ್ಲಿ ಕಲ್ಯಾಣದ ಮುಂದಿನ ವಿಠ್ಠಲವಾಡಿ ಸ್ಟೇಷನ್ನಿನಿಂದ ಏಳು ನಿಮಿಷ ನಡೆದರೆ ಸಿಗುತ್ತಿದ್ದ ಕಾನ್ವೆಂಟ್ ಶಾಲೆಯ ಮುಖ್ಯೋಪಾಧ್ಯಾಯಿನಿ ಅವರು. ಮಂಗಳೂರಿನ ಕಡೆಯವರು. ಮನೆಮಾತು ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್, ಶಾಲೆಯ ಜವಾನನಾದ ಶಿಪಾಯಿ ಮಾಮಾನ ಜೊತೆ ಮರಾಠಿ, ನನ್ನಂಥವರು ಸಿಕ್ಕರೆ ಕನ್ನಡ. ಶಾಲೆಯಲ್ಲಿ ಇನ್ನೂ ಐದಾರು ಸಿಸ್ಟರುಗಳಿದ್ದುದರಿಂದ ಎಲ್ಲರೂ ಇವರನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಎತ್ತರದಲ್ಲಿ ಮಾತ್ರ ಅವರು ನನ್ನ ಭುಜಕ್ಕೆ ಬರುತ್ತಿದ್ದರು.

ನಾನು ಆ ಶಾಲೆಗೆ ಗಣಿತದ ಟೀಚರಾಗಿ ಸೇರಿದಾಗ ನನಗೆ ಇಪ್ಪತ್ತೆರಡು. ನಮ್ಮದು ಧಾರವಾಡದ ಕಡೆಯ ಮನೆತನ, ಬೆಳೆದದ್ದೆಲ್ಲ ಡೊಂಬಿವಲಿಯಲ್ಲಿ. ಅಪ್ಪ ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಟೈಮ್‌ಕೀಪರ್. ಕೆಲಸಗಾರರು ಎಷ್ಟು ಗಂಟೆಗೆ ಒಳಗೆ ಬಂದರು, ಎಷ್ಟಕ್ಕೆ ಹೊರಗೆ ಹೋದರು ಎಂದು ನೋಡುವುದೇ ಅವರ ಉದ್ಯೋಗ. ಮನೆಯಲ್ಲೂ ಅದೇ. ಐದಕ್ಕೆ ಏಳುವುದು, ಐದು ಹತ್ತಕ್ಕೆ ಸ್ನಾನ, ಐದು ಇಪ್ಪತ್ತೈದಕ್ಕೆ ದೇವರ ಮುಂದೆ, ಐದು ನಲವತ್ತಕ್ಕೆ ಅವಲಕ್ಕಿ. ತಟ್ಟೆಯ ಮುಂದೆ ಎರಡು ನಿಮಿಷ ತಡವಾಗಿ ಕೂತರೆ ಅಪ್ಪ ಬೈಯುತ್ತಿರಲಿಲ್ಲ. ಗೋಡೆಯ ಗಡಿಯಾರದ ಕಡೆ ನೋಡುತ್ತಿದ್ದರು, ಅಷ್ಟೆ. ಬೈದಿದ್ದರೆ ವಾಸಿಯಿತ್ತು.

ಹೆಣ್ಣುಮಗಳು ನೌಕರಿ ಮಾಡುವುದಕ್ಕೆ ಅವರ ವಿರೋಧವಿರಲಿಲ್ಲ, ಆದರೆ ಅದಕ್ಕೂ ಒಂದು ಗಡುವು ಇಟ್ಟಿದ್ದರು.

"ಒಂದು ವರ್ಷ ನೋಡೂಣು. ನೌಕರಿ ಪಕ್ಕಾ ಆತಂದ್ರ ಇಲ್ಲೇ ಇರು, ಬ್ಯಾಡನ್ನೂದಿಲ್ಲ. ಆಗಲಿಲ್ಲಂದ್ರ ಧಾರವಾಡಕ್ಕ ನಿಮ್ಮ ಅತ್ತಿ ಮನಿಗೆ ನಡಿ. ಅವರು ಒಂದು ವರ ನೋಡಿ ಇಟ್ಟಾರ."

ವರನ ಬಗ್ಗೆ ನನಗೆ ತಿಳಿದದ್ದು ಇಷ್ಟೇ, ಅವನಿಗೆ ಮೂರು ಅಂಗಡಿಗಳಿದ್ದವು, ಮತ್ತು ಸೊಸೆ ಹೊರಗೆ ದುಡಿಯುವುದು ಅವನ ತಾಯಿಗೆ ಸೇರುತ್ತಿರಲಿಲ್ಲ. ನನಗೆ ಗಣಿತ ಕಲಿಸುವುದು ಬೇಕಿತ್ತು. ಕರಿಹಲಗೆಯ ಮುಂದೆ ನಿಂತಾಗ ಸಿಗುವ ಸುಖದ ರುಚಿ ನನಗೆ ಆಗಲೇ ಹತ್ತಿತ್ತು. ವರ್ಷದ ಕೊನೆಗೆ ನನ್ನ ನೌಕರಿ ಕಾಯಂ ಆಗುವುದು ಒಬ್ಬರ ವರದಿಯ ಮೇಲೆ ನಿಂತಿತ್ತು. ಅದನ್ನು ಬರೆಯಬೇಕಾದವರು ದೊಡ್ಡ ಸಿಸ್ಟರ್.

ಮೊದಲ ದಿನ ಅವರ ಆಫೀಸಿನ ಬಾಗಿಲು ತಟ್ಟಿದಾಗ ಒಳಗಿನಿಂದ "ಕಮ್ ಇನ್" ಕೇಳಿಸಲಿಲ್ಲ. "ದೇವ್ ಬರೆಂ ಕರುಂ!" ಎಂದು ದೊಡ್ಡ ದನಿ ಕೇಳಿತು. ನಾನು ಹೆದರಿ ಅಲ್ಲೇ ನಿಂತೆ. ಬಾಗಿಲ ಪಕ್ಕ ಕೂತಿದ್ದ ಶಿಪಾಯಿ ಮಾಮಾ ನಕ್ಕು, ಒಳಗೆ ಹೋಗಿ ಎಂದು ಕೈ ಮಾಡಿದ. ಕೊಂಕಣಿಯಲ್ಲಿ ಹಾಗೆಂದರೆ ದೇವರು ಒಳ್ಳೆಯದು ಮಾಡಲಿ ಎಂದು ಅರ್ಥ, ಅವರಲ್ಲಿ ಥ್ಯಾಂಕ್ಸ್ ಹೇಳುವುದೇ ಹೀಗೆ, ಎಂದು ನನಗೆ ತಿಳಿದದ್ದು ಆಮೇಲೆ. ಬಂದವರು ಯಾರು, ಯಾಕೆ ಬಂದರು ಎನ್ನುವುದನ್ನು ನೋಡುವ ಮೊದಲೇ ಥ್ಯಾಂಕ್ಸ್ ಹೇಳುವುದು ಎಂಥ ಪದ್ಧತಿ ಎಂದು ನನಗೆ ವಿಚಿತ್ರವೆನಿಸಿತ್ತು. ಫೀಸಿನ ಜಗಳಕ್ಕೆ ಬಂದ ತಂದೆಗೂ ಅದೇ, ಕಿಟಕಿಯ ಗಾಜು ಒಡೆದು ಬಂದ ಹುಡುಗಿಗೂ ಅದೇ. ಗಾಜು ಒಡೆದವಳಿಗೆ ಬೈಗುಳವೂ ಸಿಗುತ್ತಿತ್ತು, ಎರಡನೆಯದಾಗಿ.

ಅವರು ನನ್ನ ಹಣೆ ನೋಡಿದರು. "ಪೂಜೆ ಮಾಡಿ ಬಂದ್ರಾ?"

"ಹೌದು ಸಿಸ್ಟರ್."

"ಒಳ್ಳೆದು. ಇಲ್ಲಿ ಎಲ್ಲರೂ ಅವರವರ ಪ್ರಾರ್ಥನೆ ಮುಗಿಸಿಯೇ ಬರ್ಬೇಕು. ಖಾಲಿ ಹೊಟ್ಟೆಯಲ್ಲಿ ಪಾಠ ಮಾಡಬಾರದು, ಹಾಗೆಯೇ ಇದೂ."

ಆಮೇಲೆ ಒಂದು ದಿನ ಅವಸರದಲ್ಲಿ ಕುಂಕುಮವಿಟ್ಟುಕೊಳ್ಳದೆ ಹೋದಾಗ ಅವರು ಕಾರಿಡಾರಿನಲ್ಲಿ ನಿಲ್ಲಿಸಿ, "ಎಂತ ಟೀಚರ್, ಇವತ್ತು ನಿಮ್ಮ ದೇವರಿಗೆ ರಜೆಯಾ?" ಎಂದರು. ಹೀಗೆ ನನ್ನ ಅಪ್ಪನೂ ಕೇಳುತ್ತಿರಲಿಲ್ಲ.

ಅವರ ಶಾಲೆ ಗಂಟೆಯ ಮೇಲೆ ನಡೆಯುತ್ತಿತ್ತು. ನನಗೆ ಅದು ತವರುಮನೆಯೇ. ಮಧ್ಯಾಹ್ನ ಹನ್ನೆರಡಕ್ಕೆ ಚಾಪೆಲಿನ ಗಂಟೆ ಹೊಡೆದರೆ ಇಡೀ ಶಾಲೆ ಒಂದು ನಿಮಿಷ ನಿಲ್ಲಬೇಕು. ಬೀಜಗಣಿತದ ಸಮೀಕರಣ ಅರ್ಧಕ್ಕೇ ನಿಲ್ಲುತ್ತಿತ್ತು, ಪೊರಕೆ ಹಿಡಿದ ಕೆಲಸದವಳೂ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದಳು. ಸಿಸ್ಟರುಗಳು ಮಾತೆ ಮೇರಿಯ ಪ್ರಾರ್ಥನೆ ಹೇಳುತ್ತಿದ್ದರು, ಉಳಿದವರು ತಮ್ಮ ತಮ್ಮದು. ನಾನು ಮನಸ್ಸಿನಲ್ಲೇ ನಮ್ಮ ಮನೆದೇವರ ಹೆಸರು ಹೇಳಿ, ಉಳಿದ ಅರ್ಧ ನಿಮಿಷದಲ್ಲಿ ಸಮೀಕರಣದ ಮುಂದಿನ ಹೆಜ್ಜೆ ಯೋಚಿಸುತ್ತಿದ್ದೆ. ಅದು ಪಾಪವೇ ಎಂದು ಅವರನ್ನು ಕೇಳಿದಾಗ, "ಉತ್ತರ ಸಿಗ್ತದಾ?" ಎಂದರು. ಸಿಗುತ್ತದೆ ಎಂದೆ. "ಹಾಗಾದ್ರೆ ಎಂತ ಪಾಪ!"

ಸೆಪ್ಟೆಂಬರಿನಲ್ಲಿ ಮಾತೆ ಮೇರಿಯ ಹುಟ್ಟುಹಬ್ಬಕ್ಕೆ ಮಂಗಳೂರಿನ ಕಡೆ ಹೊಸ ಭತ್ತದ ತೆನೆಯನ್ನು ಮನೆಗೆ ತರುತ್ತಾರಂತೆ. ಕಲ್ಯಾಣದಲ್ಲಿ ತೆನೆ ಎಲ್ಲಿಂದ? ದೊಡ್ಡ ಸಿಸ್ಟರ್ ಹಿಂದಿನ ದಿನವೇ ಲೋಕಲ್ ಹತ್ತಿ ಟಿಟ್ವಾಳಾದ ಆಚೆ ಗದ್ದೆಗಳಿಗೆ ಹೋಗಿ, ರೈತರನ್ನು ಕೇಳಿ ಒಂದು ಕಟ್ಟು ತರುತ್ತಿದ್ದರು. ಬೆಳಿಗ್ಗೆ ಪ್ರತಿ ಟೀಚರಿನ ಮೇಜಿನ ಮೇಲೆ, ಅಡುಗೆಮನೆಯಲ್ಲಿ, ಶಿಪಾಯಿ ಮಾಮಾನ ಸ್ಟೂಲಿನ ಮೇಲೆ ಒಂದೊಂದು ತೆನೆ. ಆ ದಿನ ಅವರಲ್ಲಿ ಬರಿ ತರಕಾರಿಯ ಊಟ. ಶಾಲೆಯ ಸಸ್ಯಾಹಾರಿಗಳೆಲ್ಲ ಕಾಯುತ್ತಿದ್ದ ಹಬ್ಬ ಅದು. ನಮ್ಮ ಅಮ್ಮ ಆ ತೆನೆಯನ್ನು ದೇವರ ಕಟ್ಟೆಯ ಮೇಲೆ ಇಟ್ಟು, ದಸರೆಯವರೆಗೂ ತೆಗೆಯಲಿಲ್ಲ.

ಮಕ್ಕಳನ್ನು ಅವರು ಹೆಸರಿಗಿಂತ ರೈಲಿನಿಂದ ಗುರುತಿಸುತ್ತಿದ್ದರು. "ಇವಳು ಆರು ಹನ್ನೆರಡರ ಟಿಟ್ವಾಳಾ", "ಆ ಎರಡು ಜಡೆಯವಳು ಶಹಾಡ್, ಕಲ್ಯಾಣದಲ್ಲಿ ಪ್ಲಾಟ್‌ಫಾರ್ಮ್ ಬದಲು ಮಾಡ್ಬೇಕು ಪಾಪ." ನಾನು ಆರು ಇಪ್ಪತ್ತೆರಡರ ಬದಲಾಪುರ.

ಇನ್ನು ಗೇಟಿನ ವಿಷಯ. ಏಳು ಇಪ್ಪತ್ತಕ್ಕೆ ಗೇಟಿಗೆ ಬೀಗ ಬೀಳುತ್ತಿತ್ತು. ತಡವಾಗಿ ಬಂದವರು ಪ್ರಾರ್ಥನೆ ಮತ್ತು ಹಾಜರಿ ಮುಗಿಯುವ ತನಕ, ಅಂದರೆ ಹದಿನೈದು ನಿಮಿಷ, ರಸ್ತೆಯಲ್ಲಿ ನಿಲ್ಲಬೇಕು. ಆಮೇಲೆ ಲೇಟ್ ರಿಜಿಸ್ಟರಿನಲ್ಲಿ ಹೆಸರು, ಕಾರಣ ಬರೆದು ಒಳಗೆ ಬರಬೇಕು. ಗೇಟಿನ ಡ್ಯೂಟಿ ಯಾರಿಗೂ ಬೇಡವಾಗಿತ್ತು. ಹೊಸಬಳೆಂದು ನನಗೆ ಬಂತು.

"ಒಂದು ಸಲ ಬೀಗ ಹಾಕಿದ ಮೇಲೆ ಯಾರಿಗೂ ತೆಗೀಬೇಡಿ ಟೀಚರ್" ಎಂದು ದೊಡ್ಡ ಸಿಸ್ಟರ್ ಕೀಲಿ ಕೊಡುವಾಗ ಹೇಳಿದ್ದರು. ಆಮೇಲೆ ನಕ್ಕು, "ನಾನೇ ಬಂದ್ರೂ!" ಎಂದಿದ್ದರು.

ಬೇರೆ ಯಾರೇ ಆಗಿದ್ದರೂ ಅದನ್ನು ತಮಾಷೆ ಎಂದುಕೊಳ್ಳುತ್ತಿದ್ದರು. ನಾನು ಟೈಮ್‌ಕೀಪರನ ಮಗಳು. ಅದನ್ನು ನಿಯಮದ ಒಂದು ಕಲಮು ಎಂದುಕೊಂಡೆ.

ಜೂನಿನಿಂದ ಫೆಬ್ರವರಿಯ ತನಕ ಆ ಬೀಗ ಏಳು ಇಪ್ಪತ್ತೊಂದಕ್ಕೆ ಬಿದ್ದದ್ದಿಲ್ಲ. ಶಾಲೆಯಲ್ಲಿ ನನಗೆ ಗೇಟ್ ಟೀಚರ್ ಎಂದೇ ಹೆಸರಾಯಿತು. ಟೀಚರ್ಸ್ ರೂಮಿನಲ್ಲಿ ಒಬ್ಬರು, "ಇವಳ ಮದುವೆಯಲ್ಲಿ ಮುಹೂರ್ತಕ್ಕೆ ವರ ತಡವಾಗಿ ಬಂದ್ರೆ ಮಂಟಪಕ್ಕೇ ಬೀಗ ಹಾಕ್ತಾಳೆ" ಎಂದು ಗೇಲಿ ಮಾಡಿದರು. ನನಗೆ ಹೆಮ್ಮೆಯೇ ಆಯಿತು.

ಫೆಬ್ರವರಿಯ ಒಂದು ಬೆಳಿಗ್ಗೆ. ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ಏಳು ಮುಕ್ಕಾಲಿಗೆ. ನನ್ನ ರೈಲು ಸರಿಯಾಗಿ ಬಂತು. ಅದರ ಹಿಂದೆಯೇ ಕಲ್ಯಾಣದ ಬಳಿ ಓವರ್‌ಹೆಡ್ ವೈರ್ ಹರಿದು ಗಾಡಿಗಳೆಲ್ಲ ನಿಂತದ್ದು ನನಗೆ ತಿಳಿಯಲಿಲ್ಲ. ದೊಡ್ಡ ಸಿಸ್ಟರಿಗೆ ಯಾರೋ ಪೋಷಕರು ಫೋನ್ ಮಾಡಿ ಹೇಳಿದರಂತೆ. ಅವರು ಅಡುಗೆಮನೆಯ ಸಿಸ್ಟರಿಗಷ್ಟೇ ಹೇಳಿ, ಹಿಂದಿನ ಚಿಕ್ಕ ಬಾಗಿಲಿನಿಂದ ಹೊರಬಿದ್ದು ಕಲ್ಯಾಣದ ರಸ್ತೆ ಹಿಡಿದು ನಡೆದರು. ರೈಲಿಲ್ಲದೆ ನಡೆದೇ ಬರುತ್ತಿದ್ದ ಹುಡುಗಿಯರು ಅರ್ಧ ದಾರಿಯಲ್ಲಿ ಸಿಕ್ಕರು. ಅವರನ್ನೆಲ್ಲ ಸಾಲಾಗಿ ಹಿಡಿದುಕೊಂಡು ವಾಪಸ್ಸು.

ನಾನು ಏಳು ಇಪ್ಪತ್ತಕ್ಕೆ ಬೀಗ ಹಾಕಿದೆ. ಏಳು ಇಪ್ಪತ್ತನಾಲ್ಕಕ್ಕೆ ರಸ್ತೆಯ ತಿರುವಿನಲ್ಲಿ ನೀಲಿ ಸ್ಕರ್ಟುಗಳ ಸಾಲು ಕಂಡಿತು. ಮುಂದೆ ಬಿಳಿ ಉಡುಪು. ಬೆವರಿನಿಂದ ತಲೆಯ ವಸ್ತ್ರ ಒಂದು ಪಕ್ಕಕ್ಕೆ ಸರಿದಿತ್ತು, ಬೂಟುಗಳು ಮಣ್ಣಿನ ಬಣ್ಣಕ್ಕೆ ತಿರುಗಿದ್ದವು.

"ಟೀಚರ್, ದೇಖಿಯೇ, ಸಿಸ್ಟರ್ ಭೀ ಲೇಟ್ ಹೈಂ!" ಎಂದು ಒಬ್ಬಳು ಖುಷಿಯಿಂದ ಕೂಗಿದಳು.

ಶಿಪಾಯಿ ಮಾಮಾ ನನ್ನ ಪಕ್ಕಕ್ಕೆ ಓಡಿ ಬಂದ. "ಉಘಡಾ ಬಾಯಿ, ಉಘಡಾ! ಸಿಸ್ಟರ್ ಆಹೇತ್!" ತೆಗೆಯಿರಿ, ಸಿಸ್ಟರ್ ಇದ್ದಾರೆ ಎಂದು ಅವಸರ ಮಾಡಿದ.

ಕೀಲಿ ನನ್ನ ಕೈಯಲ್ಲಿತ್ತು. ಕೈ ಮೇಲೇಳಲಿಲ್ಲ. ತಲೆಯಲ್ಲಿ ಒಂದೇ ಮಾತು, ನಾನೇ ಬಂದ್ರೂ, ನಾನೇ ಬಂದ್ರೂ. ಇದು ನನ್ನ ಪರೀಕ್ಷೆ ಇರಬಹುದು ಎಂದೂ ಅನ್ನಿಸಿತು. ವರದಿ ಬರೆಯುವ ಮೊದಲು ನೋಡುತ್ತಿದ್ದಾರೆ, ತೆಗೆದರೆ ಕೆಟ್ಟೆ.

"ಪ್ರಾರ್ಥನೆ ಮುಗೀಲಿ ಮಾಮಾ" ಎಂದೆ.

ದೊಡ್ಡ ಸಿಸ್ಟರ್ ಸರಳುಗಳ ಆಚೆ ಬಂದು ನಿಂತರು. ಬೀಗ ನೋಡಿದರು. ನನ್ನನ್ನು ನೋಡಿದರು. ಅಂಗೈ ತಿರುಗಿಸಿ ಗಡಿಯಾರ ನೋಡಿದರು. ಹುಡುಗಿಯರ ಕಡೆ ತಿರುಗಿ, "ಲೈನ್ ಮಾಡಿ" ಎಂದರು. ಒಳಗೆ ಅಂಗಳದಲ್ಲಿ ಪ್ರಾರ್ಥನೆ ಶುರುವಾಗಿತ್ತು. ಹೊರಗೆ ಅವರೂ ಶುರು ಮಾಡಿದರು. ಒಳಗಿನ ಹಾಡು ಎರಡನೆಯ ಸಾಲಿಗೆ ಬಂದಾಗ ಹೊರಗಿನದು ಮೊದಲನೆಯ ಸಾಲಿನಲ್ಲಿತ್ತು. ಒಂದೇ ಹಾಡನ್ನು ಎರಡು ಶಾಲೆಗಳು ಹಿಂದೆ ಮುಂದೆ ಹಾಡುತ್ತಿದ್ದಂತೆ. ಎದುರಿನ ವಡಾಪಾವ್ ಗಾಡಿಯವನು ಜಾಲರಿ ಸೌಟು ಹಿಡಿದೇ ಟೋಪಿ ತೆಗೆದು ನಿಂತ. ನಾನು ಎರಡೂ ಹಾಡುಗಳ ಮಧ್ಯೆ ಕೀಲಿ ಹಿಡಿದು ನಿಂತಿದ್ದೆ.

ಏಳು ಮೂವತ್ತೈದಕ್ಕೆ ಬೀಗ ತೆಗೆದೆ. ಅವರು ಹುಡುಗಿಯರನ್ನು ಪರೀಕ್ಷೆಯ ಕೋಣೆಗೆ ಓಡಿಸಿ, ಲೇಟ್ ರಿಜಿಸ್ಟರ್ ತೆಗೆದುಕೊಂಡು ತಮ್ಮ ಹೆಸರು ಬರೆದರು. ಬಂದ ಸಮಯ, ಏಳು ಇಪ್ಪತ್ತನಾಲ್ಕು. ಕಾರಣ, ಮಕ್ಕಳನ್ನು ಕರೆತರಲು ಹೋಗಿದ್ದೆ. ಸಹಿ ಮಾಡಿ, ಪೆನ್ನಿನ ಮುಚ್ಚಳ ಹಾಕಿ, ನನಗೆ ಕೊಟ್ಟು ಹೋದರು.

ಆ ದಿನ ನಾನು ಏನು ಕಲಿಸಿದೆನೋ ದೇವರಿಗೇ ಗೊತ್ತು. ಟೀಚರ್ಸ್ ರೂಮಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಗೇಲಿ ಮಾಡುತ್ತಿದ್ದವರೇ ಬಂದು, "ಧಾರವಾಡದಲ್ಲಿ ಹವಾ ಹೇಗಿರ್ತದೆ ಈಗ?" ಎಂದು ಕೇಳಿದರು. ಹನ್ನೆರಡರ ಗಂಟೆ ಮುಗಿದದ್ದೇ ಮಾಮಾ ಬಂದು, "ಸಿಸ್ಟರ್ ಕರೀತಾರೆ" ಎಂದ.

ಬಾಗಿಲು ತಟ್ಟಿದೆ.

"ದೇವ್ ಬರೆಂ ಕರುಂ!"

ಎಂದಿನದೇ ದನಿ, ಎಳ್ಳಷ್ಟೂ ವ್ಯತ್ಯಾಸವಿಲ್ಲ. ನಾನು ಒಳಗೆ ಹೋಗಿ, ಕೂರಲು ಹೇಳುವ ಮೊದಲೇ ಹೇಳಿಬಿಟ್ಟೆ. "ಸಿಸ್ಟರ್, ನೀವೇ ಹೇಳಿದ್ದಿರಿ, ನೀವು ಬಂದರೂ ತೆಗೀಬಾರದು ಅಂತ."

"ಹೇಳಿದ್ದೆ ಹೌದು." ಅವರ ತುಟಿಯ ಮೂಲೆ ಅಲ್ಲಾಡಿತು. "ಇಪ್ಪತ್ತು ವರ್ಷದಲ್ಲಿ ಆ ಮಾತನ್ನು ನಂಬಿದವರು ನೀವೊಬ್ಬರೇ. ಕೂತುಕೊಳ್ಳಿ."

ಕೂತೆ.

"ಇಪ್ಪತ್ತು ವರ್ಷದಿಂದ ಆ ಗೇಟು ಮುಚ್ಚಿಸ್ತಾ ಇದ್ದೇನೆ ಟೀಚರ್. ಇವತ್ತೇ ಮೊದಲು ಅದನ್ನು ಆಚೆಯಿಂದ ನೋಡಿದ್ದು. ಆಚೆಯಿಂದ ಎಂತ ಕಾಣ್ತದೆ ಗೊತ್ತುಂಟಾ? ಶಾಲೆ ಕಾಣುವುದಿಲ್ಲ. ಬೀಗ ಮಾತ್ರ ಕಾಣ್ತದೆ."

ಆಮೇಲೆ ಅವರು ಒಂದು ಕಥೆ ಹೇಳಿದರು. ಹದಿನೆಂಟನೆಯ ವಯಸ್ಸಿಗೆ ಸಿಸ್ಟರಾಗಲು ಮಂಗಳೂರಿನ ಕಾನ್ವೆಂಟಿಗೆ ಹೋದಾಗ ಅಲ್ಲಿ ಬಾಗಿಲು ಕಾಯುವ ಒಬ್ಬ ಮುದಿ ಸಿಸ್ಟರ್ ಇದ್ದರಂತೆ. ಓದು ಬರಹ ಅಷ್ಟಕ್ಕಷ್ಟೆ. ಮಂಡಿನೋವು. ಬಾಗಿಲ ಹಿಂದಿನ ಬೆಂಚಿನ ಮೇಲೆ ಜಪಮಾಲೆ ಹಿಡಿದು ಕೂತಿರುವುದೇ ಅವರ ಕೆಲಸ. ಯಾರಾದರೂ ಬಾಗಿಲು ತಟ್ಟಿದರೆ, ಎದ್ದು ನಿಲ್ಲುವುದಕ್ಕೆ ಮೊದಲೇ, ನೋವಿನಲ್ಲೇ, ಆಚೆಯವರಿಗೆ ಕೇಳುವ ಹಾಗೆ "ದೇವ್ ಬರೆಂ ಕರುಂ" ಎನ್ನುತ್ತಿದ್ದರು. ಬಹಳ ಹಿಂದಿನಿಂದ, ದೂರ ದೂರದ ಮಠಗಳಲ್ಲಿ, ಬಾಗಿಲು ಕಾಯುವವರು ಹೀಗೆಯೇ ದೇವರಿಗೆ ಕೃತಜ್ಞತೆ ಹೇಳಿ ತೆರೆಯುತ್ತಿದ್ದರಂತೆ. ಒಬ್ಬರಿಂದ ಒಬ್ಬರಿಗೆ ಬಂದ ಪದ್ಧತಿ.

"ನಾನು ಸಣ್ಣವಳು, ಬಾಯಿ ಜೋರು. ಕೇಳಿದೆ. ಯಾರು ಅಂತ ಗೊತ್ತಿಲ್ಲ, ಕಳ್ಳನೋ ಭಿಕ್ಷುಕನೋ ಬಿಷಪ್ಪನೋ, ಮೊದಲೇ ಥ್ಯಾಂಕ್ಸ್ ಹೇಳುವುದು ಎಂತಕ್ಕೆ ಅಂತ. ಅವರು ಹೇಳಿದ್ರು, ಯಾರು ಅಂತ ಗೊತ್ತಾದ ಮೇಲೆ ಹೇಳುವುದು ಕಷ್ಟ ಮಗಾ, ಅದಕ್ಕೆ ಮೊದಲೇ ಹೇಳಿ ಮುಗಿಸ್ತೇನೆ."

ದೊಡ್ಡ ಸಿಸ್ಟರ್ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿದರು. "ಆಮೇಲೆ ಬಿ.ಎಡ್. ಮಾಡಿದೆ, ಎಂ.ಎ. ಮಾಡಿದೆ. ಶಾಲೆ ನಡೆಸ್ಲಿಕ್ಕೆ ಕಲಿತದ್ದು ಮಾತ್ರ ಆ ಬೆಂಚಿನ ಹತ್ತಿರ ಅಂತ ತಿಳ್ಕೊಂಡಿದ್ದೆ. ಇವತ್ತು ನೋಡಿದ್ರೆ ಅರ್ಧ ಮಾತ್ರ ಕಲಿತದ್ದು. ಆಫೀಸಿನ ಬಾಗಿಲಿಗೆ ಹೇಳ್ತೇನೆ. ಗೇಟಿಗೆ ಹೇಳಲೇ ಇಲ್ಲ."

ಅವರು ಅಂಗೈ ತಿರುಗಿಸಿ ನೋಡಿ, ಎದ್ದು ನಿಂತರು. "ನಾಳೆಯೂ ಏಳು ಇಪ್ಪತ್ತಕ್ಕೇ ಬೀಗ ಹಾಕ್ಬೇಕು. ಅದರಲ್ಲಿ ಬದಲಿಲ್ಲ. ಬೀಗ ಮಾಮಾ ಹಾಕ್ತಾನೆ. ನೀವು ಆಚೆ ನಿಲ್ಲಿ."

"ಆಚೆ ಅಂದ್ರೆ?"

"ರಸ್ತೆಯಲ್ಲಿ. ಲೇಟ್ ಬಂದವರ ಜೊತೆ. ಅವರ ಜೊತೆ ಪ್ರಾರ್ಥನೆ ಮಾಡಿ, ಅವರ ಜೊತೆ ಒಳಗೆ ಬನ್ನಿ."

ನಾನು ಸಂಜೆ ಮನೆಗೆ ಹೋಗಿ ಅಳುತ್ತಾ ಅಪ್ಪನಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಏಳು ಇಪ್ಪತ್ತಕ್ಕೇ ಹಾಕಿದ್ದೇನು?"

"ಹೂಂ ಅಪ್ಪಾ."

"ಮತ್ತ? ಬರೋಬರಿ ಐತಲ್ಲ!" ಎಂದರು. ಆಮೇಲೆ, "ಆದ್ರ ಗೇಟಿನ ಹೊರಗ ನಿಂದ್ರಿಸ್ಯಾರಂದ್ರ ನೌಕರಿ ಹೋದಂಗನ ತಂಗಿ. ನಮ್ಮ ಕಾರ್ಖಾನ್ಯಾಗ ಹಂಗ ಮಾಡತಾರ" ಎಂದು ಅತ್ತೆಗೆ ಕಾಗದ ಬರೆಯಲು ಇನ್‌ಲ್ಯಾಂಡ್ ಲೆಟರ್ ಹುಡುಕಿದರು. ಅಮ್ಮ ಅದನ್ನು ಮೊದಲೇ ಅಡಗಿಸಿ ಇಟ್ಟಿದ್ದಳು.

ಮರುದಿನ ಮಾಮಾ ನನ್ನ ಮುಖದ ಮುಂದೆಯೇ ಬೀಗ ಹಾಕಿದ. ಪಾಪ, ಕಣ್ಣು ತಪ್ಪಿಸಿದ. ರಸ್ತೆಯಲ್ಲಿ ನಾನು ಒಬ್ಬಳೇ ನಿಂತೆ. ಮೂವರು ಹುಡುಗಿಯರು ಓಡುತ್ತಾ ಬಂದವರು ನನ್ನನ್ನು ಕಂಡು ಗಕ್ಕನೆ ನಿಂತರು.

"ಟೀಚರ್, ಆಪ್ ಭೀ ಲೇಟ್?"

ಅವರಲ್ಲಿ ಚಿಕ್ಕವಳು ನನ್ನ ಹತ್ತಿರ ಬಂದು, ಗುಟ್ಟು ಹೇಳುವ ಹಾಗೆ, "ಆರು ಇಪ್ಪತ್ತೆರಡು ಬಿಡಿ ಟೀಚರ್, ಕಲ್ ಸೇ ಆರು ಎಂಟು ಪಕಡಿಯೇ" ಎಂದು ಸಲಹೆ ಕೊಟ್ಟಳು. ಎರಡು ದಿನದಲ್ಲಿ ಮೊದಲ ಬಾರಿಗೆ ನನಗೆ ನಗು ಬಂತು.

ಫೆಬ್ರವರಿ ಕಳೆಯುವುದರೊಳಗೆ ನನಗೆ ಎಲ್ಲರ ಕಾರಣಗಳೂ ತಿಳಿದವು. ರಿಜಿಸ್ಟರಿನಲ್ಲಿ ಎಲ್ಲರೂ 'ಟ್ರೇನ್ ಲೇಟ್' ಎಂದು ಬರೆಯುತ್ತಿದ್ದರು, ಅದನ್ನೇ ನಾನು ನಂಬಿದ್ದೆ. ಒಬ್ಬಳ ಮನೆಯಿದ್ದ ಚಾಳಿನಲ್ಲಿ ನಲ್ಲಿ ನೀರು ಬರುವುದೇ ಆರೂವರೆಗೆ, ತುಂಬಿಸದೆ ಹೊರಡುವಂತಿಲ್ಲ. ಇನ್ನೊಬ್ಬಳು ಸಣ್ಣವಳು, ಲೇಡೀಸ್ ಡಬ್ಬಿಯ ಗರ್ದಿಯಲ್ಲಿ ಅವಳಿಗೆ ವಿಠ್ಠಲವಾಡಿಯಲ್ಲಿ ಇಳಿಯಲು ಆಗುತ್ತಿರಲಿಲ್ಲ. ಮುಂದಿನ ಸ್ಟೇಷನ್ ಉಲ್ಹಾಸನಗರದ ತನಕ ಹೋಗಿ, ಎದುರಿನ ಗಾಡಿ ಹಿಡಿದು ವಾಪಸ್ಸು ಬರುತ್ತಿದ್ದಳು. ದಿನಾ. ಯಾರಿಗೂ ಹೇಳಿರಲಿಲ್ಲ. ನಾನು ದೊಡ್ಡ ಸಿಸ್ಟರಿಗೆ ಹೇಳಿದೆ, ಅವರು ಅದೇ ರೈಲಿನ ಹತ್ತನೆಯ ತರಗತಿಯ ಇಬ್ಬರಿಗೆ ಅವಳನ್ನು ಇಳಿಸುವ ಡ್ಯೂಟಿ ಹಾಕಿದರು. ಮೂರನೆಯವಳಿಗೆ ನಿದ್ದೆ, ಬೇರೇನೂ ಇಲ್ಲ. ಅದನ್ನೂ ಹೇಳಿದೆ. "ಅವಳ ಮೇಲೆ ನನಗೆ ಪ್ರೀತಿ ಜಾಸ್ತಿ, ನೀವು ಕೇಳಿದಾಗ ಸುಳ್ಳು ಹೇಳ್ಲಿಲ್ಲ ನೋಡಿ" ಎಂದರು ದೊಡ್ಡ ಸಿಸ್ಟರ್, ಆಮೇಲೆ ಅವಳ ತಾಯಿಯನ್ನು ಕರೆಸಿದರು.

ಏಪ್ರಿಲಿನಲ್ಲಿ ಕಾಗದ ಬಂತು. ನೌಕರಿ ಕಾಯಂ. ವರದಿಯ ಕೊನೆಯ ಸಾಲನ್ನು ಅವರೇ ಓದಿ ಹೇಳಿದರು: "ಇವರು ಗೇಟಿನ ಎರಡೂ ಕಡೆ ನಿಲ್ಲಬಲ್ಲರು." ಅಪ್ಪ ಆ ಸಾಲನ್ನು ಮೂರು ಸಲ ಕೇಳಿ, ಅದರ ಅರ್ಥವೇನೆಂದು ವಿಚಾರಿಸಿ, ಕೊನೆಗೆ, "ಛಲೋ ಬರದಾರ. ನಮ್ಮ ಕಾರ್ಖಾನ್ಯಾಗ ಇಂಥಾ ಶೇರಾ ಯಾರಿಗೂ ಬರದಿಲ್ಲ" ಎಂದರು. ಅತ್ತೆಗೆ ಕಾಗದ ಹೋಯಿತು, ಬೇರೆ ತರಹದ್ದು. ಮುಂದೆ ಎರಡು ವರ್ಷದ ಮೇಲೆ ನನ್ನ ಮದುವೆಯಾದದ್ದು ಡೊಂಬಿವಲಿಯಲ್ಲೇ. ಗೇಲಿ ಮಾಡಿದವರೆಲ್ಲ ಬಂದಿದ್ದರು, ವರ ಹತ್ತು ನಿಮಿಷ ಮೊದಲೇ ಬಂದಿದ್ದ.

ಕಾಗದ ಬಂದ ದಿನ ಥ್ಯಾಂಕ್ಸ್ ಹೇಳೋಣ ಎಂದು ಆಫೀಸಿನ ಬಾಗಿಲು ತಟ್ಟಿದೆ.

"ದೇವ್ ಬರೆಂ ಕರುಂ!"

ಒಳಗೆ ಹೋದೆ. "ಸಿಸ್ಟರ್, ಥ್ಯಾಂಕ್ಸ್ ಹೇಳೋಣ ಅಂತ..."

"ನಾನು ಆಗ್ಲೇ ಹೇಳಿ ಆಯ್ತಲ್ಲ! ಇಬ್ಬಿಬ್ಬರು ಹೇಳಿದ್ರೆ ಟೈಮ್ ವೇಸ್ಟ್. ಹೋಗಿ, ಒಂಬತ್ತನೇ ಬಿ ಕಾಯ್ತಾ ಉಂಟು."

ಇದೇ ನನ್ನ ಹಣೆಬರಹವಾಯಿತು. ಅವರ ಕೈಕೆಳಗೆ ಹದಿನಾರು ವರ್ಷ ಕೆಲಸ ಮಾಡಿದೆ. ಮಗ ಹುಟ್ಟಿದಾಗ ಅವರು ಆಸ್ಪತ್ರೆಗೆ ಬಂದರು, ಅಪ್ಪ ತೀರಿಕೊಂಡಾಗ ಶಾಲೆಯ ಗಂಟೆಯನ್ನು ಒಂದು ನಿಮಿಷ ತಡವಾಗಿ ಹೊಡೆಸಿದರು. ಟೈಮ್‌ಕೀಪರನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ನಾನು ಕಾಣೆ. ಪ್ರತಿ ಸಲವೂ ಥ್ಯಾಂಕ್ಸ್ ಹೇಳಲು ಹೋದೆ. ಪ್ರತಿ ಸಲವೂ ಬಾಗಿಲ ಒಳಗಿನಿಂದ ಅವರೇ ಮೊದಲು ಹೇಳಿಬಿಡುತ್ತಿದ್ದರು. ಆಮೇಲೆ ನನ್ನದಕ್ಕೆ ಜಾಗವಿರುತ್ತಿರಲಿಲ್ಲ.

ಆಚೆ ಡ್ಯೂಟಿ ಶಾಲೆಯ ಪದ್ಧತಿಯೇ ಆಯಿತು. ಟೀಚರುಗಳೆಲ್ಲ ಸರದಿಯಲ್ಲಿ ನಿಲ್ಲುತ್ತಿದ್ದರು, ಸೋಮವಾರ ದೊಡ್ಡ ಸಿಸ್ಟರೇ. ನಾನು ಸೂಪರ್‌ವೈಸರ್ ಆಗಿ ನಿವೃತ್ತಳಾಗುವ ತನಕ ನನ್ನ ಸರದಿಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ.

ಅವರಿಗೆ ವಯಸ್ಸಾದ ಮೇಲೆ ಐರೋಲಿಯಲ್ಲಿ ಮುದಿ ಸಿಸ್ಟರುಗಳ ಮನೆಗೆ ಕಳಿಸಿದರು. ಪ್ರತಿ ತಿಂಗಳ ಮೊದಲ ಶನಿವಾರ ನಾಲ್ಕು ಗಂಟೆಗೆ ನಾನು ಅಲ್ಲಿರುತ್ತಿದ್ದೆ. ಭೇಟಿಯ ಸಮಯ ನಾಲ್ಕರಿಂದ ಐದು. ನೆನಪು ಅವರಿಗೆ ಸ್ವಲ್ಪ ಸ್ವಲ್ಪವಾಗಿ ಸರಿಯುತ್ತಿತ್ತು, ಹೆಸರುಗಳು ಮೊದಲು ಹೋದವು. ರೈಲುಗಳು ಇದ್ದವು.

ಕಳೆದ ವರ್ಷ ಒಂದು ಶನಿವಾರ ಥಾಣೆಯಿಂದ ಹೊರಟ ಗಾಡಿ ಮಧ್ಯದಲ್ಲೇ ಒಂದು ಗಂಟೆಗೂ ಮೀರಿ ನಿಂತಿತು. ನಾನು ಅವರ ಗೇಟು ಮುಟ್ಟಿದಾಗ ಐದು ಗಂಟೆ ಎಂಟು ನಿಮಿಷ. ಜೀವನದಲ್ಲಿ ಅಷ್ಟು ತಡ ನಾನು ಎಲ್ಲಿಯೂ ಆದವಳಲ್ಲ.

"ಪಾಚ್ ವಾಜ್‌ಲೇ ಆಜೀ" ಎಂದ ವಾಚ್‌ಮನ್, ನನಗಿಂತ ಮುದುಕ. "ಆತಾ ಬಂದ್. ಪುಢಚ್ಯಾ ಶನಿವಾರೀ ಯಾ." ಐದು ಹೊಡೆಯಿತು, ಮುಂದಿನ ಶನಿವಾರ ಬನ್ನಿ ಎಂದು ಅವನ ಮಾತು.

ವಾದ ಮಾಡಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ತಂದಿದ್ದ ಚಕ್ಕುಲಿಯ ಡಬ್ಬಿಯನ್ನಾದರೂ ಒಳಗೆ ಕೊಡಿ ಎಂದೆ. ಅವನು ಇಂಟರ್‌ಕಾಮಿನಲ್ಲಿ ಏನೋ ಹೇಳಿದ. ಐದು ನಿಮಿಷದಲ್ಲಿ ಒಬ್ಬ ಎಳೆಯ ಸಿಸ್ಟರ್ ಗಾಲಿಕುರ್ಚಿ ತಳ್ಳುತ್ತಾ ಬಂದಳು. ಕುರ್ಚಿಯಲ್ಲಿ ದೊಡ್ಡ ಸಿಸ್ಟರ್. ಗಡಿಯಾರ ಈಗ ಅವರ ಕೈಗೆ ಸಡಿಲ, ಮುಖ ಹೊರಗಡೆಗೆ ಜಾರಿತ್ತು.

"ಗೇಟ್ ತೆಗಿ" ಎಂದರು ವಾಚ್‌ಮನ್‌ಗೆ, ಮರಾಠಿಯಲ್ಲಿ.

"ಸಿಸ್ಟರ್, ಐದರ ಮೇಲೆ ಯಾರನ್ನೂ ಒಳಗೆ ಬಿಡುವ ಹಾಗಿಲ್ಲ."

"ಅವಳನ್ನು ಒಳಗೆ ಬಿಡು ಅಂತ ಯಾರು ಹೇಳಿದ್ರು? ನಾನು ಆಚೆ ಹೋಗ್ಬೇಕು. ಐದರ ಮೇಲೆ ಆಚೆ ಹೋಗಬಾರದು ಅಂತ ರೂಲ್ ಉಂಟಾ?"

ಇರಲಿಲ್ಲ. ವಾಚ್‌ಮನ್ ತಲೆ ಕೆರೆದುಕೊಂಡು ಗೇಟು ತೆಗೆದ. ಎಳೆಯ ಸಿಸ್ಟರ್ ನಗು ತಡೆಯಲಾರದೆ ಕುರ್ಚಿಯನ್ನು ಫುಟ್‌ಪಾತಿಗೆ ತಳ್ಳಿದಳು. ಅವನು ಹಿಂದಿನಿಂದ ಬೀಗ ಹಾಕಿದ, ರೂಲ್ ಪ್ರಕಾರ.

ನಾವಿಬ್ಬರೂ ಗೋಡೆಯ ಪಕ್ಕದಲ್ಲಿ ಚಕ್ಕುಲಿ ತಿಂದೆವು. ಅವರಿಗೆ ಹಲ್ಲಿರಲಿಲ್ಲ, ಚಪ್ಪರಿಸಿದರು. ಐ.ಟಿ. ಕಂಪನಿಗಳ ಬಸ್ಸುಗಳು ಧೂಳೆಬ್ಬಿಸುತ್ತಾ ಹೋದವು. ಗಡಿಯಾರವನ್ನು ಮಣಿಕಟ್ಟಿನ ಒಳಗೆ ತಿರುಗಿಸಿಕೊಂಡು ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

"ಡೊಂಬಿವಲಿ. ಆರು ಇಪ್ಪತ್ತೆರಡರ ಬದಲಾಪುರ."

"ಹೌದು ಸಿಸ್ಟರ್."

"ನೀನು ನನ್ನನ್ನು ಆಚೆ ನಿಲ್ಲಿಸಿದವಳು."

ಅಷ್ಟು ವರ್ಷಗಳಲ್ಲಿ ಮೊದಲ ಬಾರಿ ಅವರು ನನಗೆ ನೀನು ಎಂದರು. ನಾನು ಬಾಯಿ ತೆರೆದೆ, ಹೇಳಬೇಕಾದ್ದನ್ನು ಇವತ್ತು ಹೇಳಿಯೇ ಬಿಡಬೇಕು ಎಂದು. ಅವರು ನನ್ನ ಕೈ ಹಿಡಿದು ಮೊದಲೇ ಹೇಳಿಬಿಟ್ಟರು. "ದೇವ್ ಬರೆಂ ಕರುಂ ಮಗಾ. ಇನ್ನು ಹೊರಡು, ನಿನ್ನ ಗಾಡಿ ಹೋಗ್ತದೆ."

ಎರಡು ತಿಂಗಳ ಮೇಲೆ ಅವರು ನಿದ್ದೆಯ ನಡುವೆಯೇ ಹೋದರು. ಥಾಣೆಯ ಚರ್ಚಿನಲ್ಲಿ ಹತ್ತಕ್ಕೆ ಪೂಜೆ ಎಂದು ತಿಳಿಸಿದ್ದರು. ನಾನು ಎಂಟೂಮುಕ್ಕಾಲಿಗೆ ತಲುಪಿದ್ದೆ. ಪೆಟ್ಟಿಗೆ ಇನ್ನೂ ತೆರೆದಿತ್ತು, ಸುತ್ತ ಯಾರೂ ಇರಲಿಲ್ಲ. ಬಿಳಿ ಉಡುಪು, ಬೆರಳುಗಳ ನಡುವೆ ಜಪಮಾಲೆ, ಕೈಯಲ್ಲಿ ಗಡಿಯಾರವಿಲ್ಲ. ಎಷ್ಟು ಚಿಕ್ಕವರಾಗಿ ಕಂಡರು!

ನಾನು ಬೆರಳ ಗೆಣ್ಣಿನಿಂದ ಪೆಟ್ಟಿಗೆಯ ಮರದ ಅಂಚನ್ನು ಎರಡು ಸಲ ಮೆಲ್ಲಗೆ ತಟ್ಟಿದೆ, ಅವರ ಆಫೀಸಿನ ಬಾಗಿಲಿಗೆ ತಟ್ಟುತ್ತಿದ್ದ ಹಾಗೆ. ಅಭ್ಯಾಸಬಲದಿಂದ ಒಂದು ಕ್ಷಣ ಕಾದೆ.

ಆಮೇಲೆ ನಾನೇ ಹೇಳಿದೆ. "ದೇವ್ ಬರೆಂ ಕರುಂ, ಸಿಸ್ಟರ್." ಅಂತೂ ಒಂದು ಸಲ ಮೊದಲು ಹೇಳಿದವಳು ನಾನಾದೆ.

ಮುಂದಿನ ಸಾಲಿನಲ್ಲಿ ನನಗೆ ಜಾಗ ಇಟ್ಟಿದ್ದರು. ಹತ್ತಕ್ಕೆ ಸರಿಯಾಗಿ ಗಂಟೆ ಹೊಡೆದು ಪೂಜೆ ಶುರುವಾಯಿತು. ಚರ್ಚು ಪೂರ್ತಿ ತುಂಬಿ, ಬಾಗಿಲನ್ನು ಅರ್ಧ ಮುಚ್ಚಿದ್ದರು. ತಿರುಗಿ ನೋಡಿದೆ. ಹೊರಗೆ ಬಿಸಿಲಿನಲ್ಲಿ ಹತ್ತು ಹದಿನೈದು ಹೆಂಗಸರು ನಿಂತಿದ್ದರು. ನಲವತ್ತು, ಐವತ್ತು ದಾಟಿದವರು, ಬೆವರು ಒರೆಸಿಕೊಳ್ಳುತ್ತಾ, ಒಳಗೆ ಬರಲು ಸಂಕೋಚಪಡುತ್ತಾ. ಕಲ್ಯಾಣದ ಕಡೆಯ ಗಾಡಿಗಳು ಅಂದು ತಡವಾಗಿದ್ದವು.

ನಾನು ಎದ್ದು, ಕುರ್ಚಿಯನ್ನು ಪಕ್ಕದಲ್ಲಿ ನಿಂತಿದ್ದವರಿಗೆ ಬಿಟ್ಟು, ಹೊರಗೆ ಹೋಗಿ ಅವರ ಜೊತೆ ನಿಂತೆ.

ಒಬ್ಬಳು ನನ್ನನ್ನು ಗುರುತು ಹಿಡಿದಳು. "ಅರೇ, ಗೇಟ್ ಟೀಚರ್! ಆಪ್ ಭೀ ಲೇಟ್?"

"ಇಲ್ಲ" ಎಂದೆ. "ಡ್ಯೂಟಿಯಲ್ಲಿದ್ದೇನೆ. ಲೈನ್ ಮಾಡಿ."

ಒಳಗಿನ ಹಾಡು ಎರಡನೆಯ ಸಾಲಿಗೆ ಬಂದಿತ್ತು. ನಾವು ಮೊದಲನೆಯದರಿಂದ ಶುರು ಮಾಡಿದೆವು.